‘ಟರ್ನ್ ಅಪ್’ ಕೈಕೊಟ್ಟಾಗ: ವಾಕ್ಯದ ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಗ್ರಾಮರ್ ಸರಿಯಾಗಿದೆ, ಸ್ಪೆಲ್ಲಿಂಗ್ ಸರಿಯಾಗಿದೆ, ಆದರೂ ಓದಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ‘ಟರ್ನ್ ಅಪ್’ ಇರುವ ಇಂಗ್ಲಿಷ್ ವಾಕ್ಯಗಳಲ್ಲಿ ಈ ತೊಂದರೆ ಜಾಸ್ತಿ. ಡಿಕ್ಷನರಿ ತೆಗೆದರೆ ‘ಬರುವುದು, ಕಾಣಿಸಿಕೊಳ್ಳುವುದು’ ಎಂದಿರುತ್ತದೆ. ಅದನ್ನು ನಂಬಿ ಕನ್ನಡದಲ್ಲಿ ‘ಬಂದರು’ ಎನ್ನುವ ಕಡೆಯಲ್ಲೆಲ್ಲ ನಾವು ‘ಟರ್ನ್ಡ್ ಅಪ್’ ಹಾಕುತ್ತೇವೆ. ಕೆಲವು ಕಡೆ ಅದು ಚೆನ್ನಾಗಿ ಕೂರುತ್ತದೆ. ಕೆಲವು ಕಡೆ ಬಂದವರಿಗೆ ಮರ್ಯಾದೆ ಕಡಿಮೆಯಾದ ಹಾಗೆ ಕೇಳಿಸುತ್ತದೆ. ಇನ್ನು ಕೆಲವು ಕಡೆ ಅರ್ಥವೇ ಬೇರೆಯಾಗಿಬಿಡುತ್ತದೆ.

ವಾಕ್ಯ ಎದುರಿಗಿದೆ, ತಪ್ಪು ಎಲ್ಲಿದೆ ಗೊತ್ತಾಗುತ್ತಿಲ್ಲ ಎನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಕೆಳಗಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯದರಲ್ಲೇ ಹೆಚ್ಚಿನ ದೋಷಗಳು ಸಿಕ್ಕಿಬೀಳುತ್ತವೆ. ಅದಕ್ಕೇ ಅಲ್ಲಿ ಜಾಸ್ತಿ ಹೊತ್ತು ನಿಂತಿದ್ದೇನೆ.

ಮೊದಲ ಪರೀಕ್ಷೆ: ‘ಏನನ್ನು?’ ಎಂದು ಕೇಳಿ

‘ಟರ್ನ್ ಅಪ್’ ಒಂದೇ ರೂಪದಲ್ಲಿದ್ದುಕೊಂಡು ಹಲವು ಕೆಲಸ ಮಾಡುತ್ತದೆ. ಬರುವ ಅರ್ಥ ಬೇಕಾದರೆ ಅದರ ಬೆನ್ನಿಗೆ ಕರ್ಮಪದ ಇರಬಾರದು. ‘ಹಿ ಟರ್ನ್ಡ್ ಅಪ್’ ಎಂದರೆ ಅವನು ಬಂದ. ‘ಹಿ ಟರ್ನ್ಡ್ ಅಪ್ ದಿ ವಾಲ್ಯೂಮ್’ ಎಂದರೆ ಅವನು ಸೌಂಡ್ ಜಾಸ್ತಿ ಮಾಡಿದ. ‘ಏನನ್ನು?’ ಎಂದು ಕೇಳಿದಾಗ ಉತ್ತರ ಸಿಕ್ಕಿದರೆ ಅದು ಬರುವ ‘ಟರ್ನ್ ಅಪ್’ ಅಲ್ಲ.

ಈಗ ‘ಹಿ ಟರ್ನ್ಡ್ ಅಪ್ ದಿ ಮೀಟಿಂಗ್’ ಎಂಬ ವಾಕ್ಯ ನೋಡಿ. ಬರೆದವರ ಮನಸ್ಸಿನಲ್ಲಿ ಇರುವುದು ‘ಅವನು ಮೀಟಿಂಗಿಗೆ ಬಂದ’ ಎಂದು. ಕನ್ನಡದಲ್ಲಿ ‘ಗೆ’ ಎಂಬ ಪ್ರತ್ಯಯ ಪದಕ್ಕೇ ಅಂಟಿಕೊಂಡಿರುತ್ತದೆ. ಇಂಗ್ಲಿಷಿಗೆ ದಾಟುವಾಗ ಅದು ಉದುರಿಹೋಗಿದೆ. ಉದುರಿದ ಕೂಡಲೇ ಮೀಟಿಂಗ್ ಕರ್ಮಪದದ ಜಾಗಕ್ಕೆ ಬಂದು ಕೂತಿದೆ. ಮೀಟಿಂಗನ್ನೇ ವಾಲ್ಯೂಮ್ ಹಾಗೆ ಏರಿಸಿದ ಅರ್ಥ ಬರುತ್ತಿದೆ. ಸರಿಪಡಿಸುವುದು ಸುಲಭ: ‘ಹಿ ಟರ್ನ್ಡ್ ಅಪ್ ಅಟ್ ದಿ ಮೀಟಿಂಗ್.’

ಕರ್ಮಪದ ತೆಗೆದುಕೊಳ್ಳುವ ಅರ್ಥಗಳನ್ನು ಬೇಗ ನೋಡಿಬಿಡೋಣ. ಸೌಂಡ್, ಹೀಟರ್, ದೀಪದ ಬೆಳಕು ಜಾಸ್ತಿ ಮಾಡುವುದು ಒಂದು. ಪ್ಯಾಂಟಿನ ಅಥವಾ ತೋಳಿನ ಅಂಚನ್ನು ಮೇಲಕ್ಕೆ ಮಡಚುವುದು ಇನ್ನೊಂದು. ಬ್ರಿಟಿಷರು ಪ್ಯಾಂಟಿನ ಆ ಮಡಿಕೆಯನ್ನು ‘ಟರ್ನ್ ಅಪ್ಸ್’ ಎಂದೇ ಕರೆಯುತ್ತಾರೆ, ಅಮೆರಿಕದವರು ‘ಕಫ್ಸ್’ ಎನ್ನುತ್ತಾರೆ. ‘ಟರ್ನ್ ಅಪ್ ಯುವರ್ ನೋಸ್ ಅಟ್’ ಎಂದರೆ ನಮ್ಮ ‘ಮೂಗು ಮುರಿಯುವುದು’. ಎರಡೂ ಭಾಷೆಯವರು ತಾತ್ಸಾರವನ್ನು ಮೂಗಿನಲ್ಲೇ ಕಂಡಿರುವುದು ನನಗೆ ಇಷ್ಟವಾದ ವಿಷಯ. ಅಮೆರಿಕದ ಹೊಸ ಕಾಲದ ಹಾಡು, ಪಾರ್ಟಿ ಮಾತುಗಳಲ್ಲಿ ‘ಟರ್ನ್ ಅಪ್’ ಎಂದರೆ ಜೋರಾಗಿ ಕುಣಿದು ಮಜಾ ಮಾಡುವುದು ಎಂಬ ಅರ್ಥವೂ ಇದೆ. ಇದಕ್ಕೆ ಮಾತ್ರ ಕರ್ಮಪದ ಬೇಕಿಲ್ಲ. ಸಂದರ್ಭ ನೋಡಿಯೇ ಗುರುತಿಸಬೇಕು.

ಬರುವ ಅರ್ಥದಲ್ಲಿ ಕರ್ಮಪದ ಇಲ್ಲ ಎಂದಮೇಲೆ ಕರ್ಮಣಿ ಪ್ರಯೋಗವೂ ಇಲ್ಲ. ‘ಹಿ ವಾಸ್ ಟರ್ನ್ಡ್ ಅಪ್’ ಎಂದು ಎಲ್ಲಾದರೂ ಕಂಡರೆ ‘ವಾಸ್’ ತೆಗೆದುಹಾಕಿ. ‘ದಿ ವಾಲ್ಯೂಮ್ ವಾಸ್ ಟರ್ನ್ಡ್ ಅಪ್’ ಮಾತ್ರ ಸರಿ.

ಎರಡನೇ ಪರೀಕ್ಷೆ: ‘ಬರ್ತಾರೋ ಇಲ್ವೋ’ ಇದೆಯಾ?

ಅಸಲಿ ತೊಂದರೆ ಇರುವುದು ಇಲ್ಲಿ. ‘ಕಮ್’ ಮತ್ತು ‘ಅರೈವ್’ ಎಂಬ ಕ್ರಿಯಾಪದಗಳು ಬಂದ ಸುದ್ದಿಯನ್ನಷ್ಟೇ ಹೇಳುತ್ತವೆ. ‘ಟರ್ನ್ ಅಪ್’ ಬಂದ ಸುದ್ದಿಯ ಜೊತೆಗೆ ಒಂದು ಅನುಮಾನವನ್ನೂ ಹೊತ್ತು ತರುತ್ತದೆ. ಬರ್ತಾರೋ ಇಲ್ವೋ ಎಂದು ಯಾರೋ ಕಾಯುತ್ತಿದ್ದರು, ಅಥವಾ ಬರುತ್ತಾರೆ ಎಂದು ಯಾರೂ ಅಂದುಕೊಂಡೇ ಇರಲಿಲ್ಲ. ಈ ಎರಡರಲ್ಲಿ ಒಂದಾದರೂ ಹಿಂದೆ ಇರಬೇಕು. ಅದಿಲ್ಲದ ಕಡೆ ಈ ಪದ ಬಳಸಿದರೆ, ಇಲ್ಲದ ಅನುಮಾನವನ್ನು ನಾವೇ ಹುಟ್ಟಿಸಿದ ಹಾಗೆ ಆಗುತ್ತದೆ.

ಪರೀಕ್ಷೆ ಮಾಡುವ ದಾರಿ ಕನ್ನಡದಲ್ಲೇ ಇದೆ. ನಿಮ್ಮ ವಾಕ್ಯವನ್ನು ಮೊದಲು ಆಡುಮಾತಿನಲ್ಲಿ ಹೇಳಿಕೊಳ್ಳಿ. ಕ್ರಿಯಾಪದ ಹೇಗೆ ಬಾಯಿಗೆ ಬರುತ್ತದೆ ಎಂದು ಗಮನಿಸಿ.

‘ಹೇಳದೆ ಕೇಳದೆ ಬಂದ್ಬಿಟ್ಟ’ ಎಂದು ಬಂದರೆ ‘ಟರ್ನ್ಡ್ ಅಪ್’ ಸರಿ. ‘ಬರಲೇ ಇಲ್ಲ’ ಎಂದು ಬಂದರೆ ‘ನೆವರ್ ಟರ್ನ್ಡ್ ಅಪ್’ ಸರಿ. ‘ಅಂತೂ ಇಂತೂ ಬಂದ’, ‘ಕೊನೆಗೂ ಬಂದ’ ಎಂದು ಬಂದರೆ ‘ಫೈನಲಿ ಟರ್ನ್ಡ್ ಅಪ್’ ಸರಿ. ‘ಏನೇ ಆಗಲಿ, ಬಂದೇ ಬರ್ತಾನೆ’ ಎಂದು ಬಂದರೆ ‘ಹಿ ಆಲ್ವೇಸ್ ಟರ್ನ್ಸ್ ಅಪ್’ ಸರಿ. ಈ ಕೊನೆಯದರಲ್ಲೂ ಅನುಮಾನ ಇದೆ, ಅದಕ್ಕೆ ಉತ್ತರ ಸಿಕ್ಕಿದೆ ಅಷ್ಟೇ. ‘ಬಿಟ್ಟ’, ‘ಲೇ ಇಲ್ಲ’, ‘ಕೊನೆಗೂ’, ‘ಬಂದೇ’ ಎಂಬ ಈ ತುಣುಕುಗಳು ಕನ್ನಡದಲ್ಲಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಟರ್ನ್ ಅಪ್’ ತನ್ನೊಳಗೇ ಮಾಡುತ್ತದೆ.

ಸುಮ್ನೆ ‘ಬಂದರು’, ‘ಆಗಮಿಸಿದರು’, ‘ತಲುಪಿದರು’ ಎಂದಷ್ಟೇ ಬಾಯಿಗೆ ಬಂದರೆ ‘ಟರ್ನ್ ಅಪ್’ ಬಿಡಿ. ‘ಕೇಮ್’ ಅಥವಾ ‘ಅರೈವ್ಡ್’ ಹಾಕಿ.

ಕೆಲವು ಕೆಟ್ಟ ವಾಕ್ಯಗಳ ಮೇಲೆ ಇದನ್ನು ಪ್ರಯೋಗಿಸೋಣ. ‘ದಿ ಚೀಫ್ ಗೆಸ್ಟ್ ಟರ್ನ್ಡ್ ಅಪ್ ಅಟ್ 10.’ ಕಾರ್ಯಕ್ರಮದ ವರದಿಯಲ್ಲಿ ಹೀಗೆ ಬರೆದರೆ ಅತಿಥಿ ಬರುವುದೇ ಅನುಮಾನವಿತ್ತು, ಅಂತೂ ಬಂದರು ಎಂಬ ಧ್ವನಿ ಹೊರಡುತ್ತದೆ. 10 ಗಂಟೆಗೆ ಬರಬೇಕಿತ್ತು, 10ಕ್ಕೇ ಬಂದಿದ್ದಾರೆ ಎಂದಾದರೆ ‘ಅರೈವ್ಡ್ ಅಟ್ 10’ ಸಾಕು. ‘ಮೈ ಮ್ಯಾನೇಜರ್ ಟರ್ನ್ಡ್ ಅಪ್ ಅಟ್ ದಿ ಆಫೀಸ್ ಟುಡೇ’ ಎಂದರೆ ಅವರು ದಿನಾ ಬರುವವರಲ್ಲ ಎಂದು ಕೇಳುವವರು ಅಂದುಕೊಳ್ಳುತ್ತಾರೆ. ಅದು ನಿಜವಾಗಿದ್ದರೆ ಸರಿ. ಇಲ್ಲದಿದ್ದರೆ ‘ಕೇಮ್ ಇನ್’ ಹಾಕಿ.

ಆಹ್ವಾನದ ಪತ್ರ ಮತ್ತು ಮೇಲ್‌ಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ‘ಪ್ಲೀಸ್ ಟರ್ನ್ ಅಪ್ ಅಟ್ 10’ ಎಂದು ಹಿರಿಯರಿಗೆ ಬರೆದರೆ, ‘ಪ್ಲೀಸ್’ ಇದ್ದರೂ ಮಾತು ಒರಟಾಗುತ್ತದೆ. ‘ಬರದೆ ತಪ್ಪಿಸಿಕೊಳ್ಳಬೇಡಿ’ ಎಂದ ಹಾಗಿರುತ್ತದೆ. ಅಂಥ ಕಡೆ ‘ಪ್ಲೀಸ್ ಅರೈವ್ ಬೈ 10’ ಅಥವಾ ‘ಪ್ಲೀಸ್ ಜಾಯಿನ್ ಅಸ್ ಅಟ್ 10’ ಬರೆಯಿರಿ. ‘ಟರ್ನ್ ಅಪ್’ ಮೂಲತಃ ಸಲುಗೆಯ ಮಾತು. ಗೆಳೆಯರ ನಡುವೆ, ಮನೆಯವರ ನಡುವೆ, ಸಹೋದ್ಯೋಗಿಗಳ ಹರಟೆಯಲ್ಲಿ ಅದಕ್ಕೆ ಜಾಗ. ಅರ್ಜಿ, ಸೂಚನಾಪತ್ರ, ವರದಿಗಳಲ್ಲಿ ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಒಂದು ವಿನಾಯಿತಿ ಇದೆ. ‘ಜಸ್ಟ್ ಟರ್ನ್ ಅಪ್’ ಎಂಬುದು ಕೇಳಲು ತುಂಬಾ ಹಿತವಾದ ಮಾತು. ಮೊದಲೇ ಹೆಸರು ಕೊಡಬೇಕಿಲ್ಲ, ಬುಕ್ ಮಾಡಬೇಕಿಲ್ಲ, ಸುಮ್ನೆ ಬಂದ್ಬಿಡಿ ಎಂದು ಅರ್ಥ. ಇಲ್ಲೂ ನೋಡಿ, ಕನ್ನಡದಲ್ಲಿ ‘ಬಂದ್ಬಿಡಿ’ ಎಂದೇ ಬಂತು.

ತನ್ನ ಬಗ್ಗೆಯೇ ಹೇಳುವಾಗ ಎಚ್ಚರ ಬೇಕು. ‘ಐ ವಿಲ್ ಟರ್ನ್ ಅಪ್ ಅಟ್ ಯುವರ್ ಹೌಸ್ ಟುಮಾರೋ’ ಎಂದರೆ ಬರುತ್ತೇನೆ ಎಂಬ ಭರವಸೆ ಗಟ್ಟಿಯಾಗಿ ಸಿಗುವುದಿಲ್ಲ. ಹೇಳದೆ ಬಂದು ಬಾಗಿಲು ತಟ್ಟುವ ಹಾಗೆ ಕೇಳಿಸುತ್ತದೆ. ಭರವಸೆ ಕೊಡಬೇಕಾದರೆ ‘ಐ ವಿಲ್ ಬಿ ದೇರ್’ ಎನ್ನಿ. ಹಾಗೆಯೇ ಬಾಗಿಲಲ್ಲಿ ನಿಂತ ಅತಿಥಿಗೆ ‘ಯು ಟರ್ನ್ಡ್ ಅಪ್!’ ಎಂದರೆ ‘ನೀವು ಬರಲ್ಲ ಅಂದ್ಕೊಂಡಿದ್ದೆ’ ಎಂಬ ಭಾವ ಬರುತ್ತದೆ. ‘ಅಂತೂ ಬಂದ್ರಲ್ಲ!’ ಎಂಬ ಖುಷಿ ತೋರಿಸಲು ‘ಯು ಮೇಡ್ ಇಟ್!’ ಎಂಬ ಮಾತಿದೆ. ಕಷ್ಟಪಟ್ಟು ಬಂದದ್ದಕ್ಕೆ ಅದರಲ್ಲಿ ಮೆಚ್ಚುಗೆ ಇರುತ್ತದೆ.

ಈ ಅನುಮಾನ ಎಲ್ಲಿಂದ ಬಂತು ಎಂದು ಕೇಳಬಹುದು. ‘ಟರ್ನ್’ ಎಂದರೆ ತಿರುಗಿಸು. ಲೇತ್ ಮೇಲೆ ತಿರುಗಿಸುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಇಂಗ್ಲಿಷಿಗೆ ಬಂದಿದೆ. ‘ಅಪ್’ ಎಂದರೆ ಮೆಟ್ಟಿಲು ಹತ್ತುವುದು ಅಂತ ಇಲ್ಲಿ ತಿಳಿಯಬಾರದು, ನೆಲಮಾಳಿಗೆಗೂ ಜನ ‘ಟರ್ನ್ ಅಪ್’ ಆಗಬಹುದು. ನೇಗಿಲು ಮಣ್ಣನ್ನು ಮಗುಚಿದಾಗ ಅಡಿಯಲ್ಲಿ ಅಡಗಿದ್ದದ್ದು ಮೇಲೆ ಬಂದು ಕಣ್ಣಿಗೆ ಬೀಳುತ್ತದಲ್ಲ, ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಣ್ಣಿನಡಿ ಏನಿದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಬಂದ ಮೇಲೇ ಗೊತ್ತು. ಜನರ ವಿಷಯದಲ್ಲೂ ‘ಟರ್ನ್ ಅಪ್’ ಹೇಳುವುದು ಇದನ್ನೇ. ಅವರು ದಾರಿಯಲ್ಲಿ ಹೇಗೆ ಬಂದರು, ಎಷ್ಟು ದೂರ ಬಂದರು ಎಂಬುದು ಅದಕ್ಕೆ ಬೇಕಿಲ್ಲ. ಕಣ್ಣಿಗೆ ಬಿದ್ದ ಆ ಒಂದು ಗಳಿಗೆ ಮಾತ್ರ ಬೇಕು.

ಈ ಮಾತನ್ನು ನೆನಪಿಡಿ. ಮುಂದಿನ ಪರೀಕ್ಷೆಯಲ್ಲಿ ಬರುವ ಕಾಲದ ದೋಷಗಳೆಲ್ಲ ಇದರಿಂದಲೇ ಬಿಡಿಸಿಕೊಳ್ಳುತ್ತವೆ.

ಮೂರನೇ ಪರೀಕ್ಷೆ: ಕಾಲ

‘ವೇರ್ ಈಸ್ ಹಿ?’ ಎಂದು ಯಾರೋ ಕೇಳುತ್ತಾರೆ. ‘ಬರ್ತಾ ಇದ್ದಾನೆ’ ಎಂದು ಹೇಳಲು ‘ಹಿ ಈಸ್ ಟರ್ನಿಂಗ್ ಅಪ್’ ಎನ್ನುತ್ತೇವೆ. ಇದು ತಪ್ಪು. ದಾರಿಯಲ್ಲಿರುವವನು ಇನ್ನೂ ಕಣ್ಣಿಗೆ ಬಿದ್ದಿಲ್ಲ. ಕಣ್ಣಿಗೆ ಬೀಳುವುದು ಒಂದು ಕ್ಷಣದ ಕೆಲಸ, ಅದು ‘ನಡೀತಾ ಇರಲು’ ಆಗುವುದಿಲ್ಲ. ‘ಹಿ ಈಸ್ ಆನ್ ಹಿಸ್ ವೇ’ ಎನ್ನಿ.

ಹಾಗಾದರೆ ‘ಟರ್ನಿಂಗ್ ಅಪ್’ ಎಂದಿಗೂ ಬರುವುದಿಲ್ಲವಾ? ಬರುತ್ತದೆ, ಪದೇ ಪದೇ ಆಗುವ ವಿಷಯಕ್ಕೆ. ‘ಪೀಪಲ್ ಕೆಪ್ಟ್ ಟರ್ನಿಂಗ್ ಅಪ್’ ಎಂದರೆ ಜನ ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು. ‘ಹಿ ಈಸ್ ಟರ್ನಿಂಗ್ ಅಪ್ ಲೇಟ್ ದೀಸ್ ಡೇಸ್’ ಎಂದರೆ ಈಚೆಗೆ ದಿನಾ ತಡ ಮಾಡುತ್ತಿದ್ದಾನೆ. ಎರಡೂ ಸರಿ.

ಇನ್ನೊಂದು ಲಕ್ಷಣ: ‘ಹಿ ಟರ್ನ್ಡ್ ಅಪ್ ಫಾರ್ ಟೂ ಅವರ್ಸ್.’ ಬರೆದವರು ಹೇಳಬೇಕೆಂದಿದ್ದು ಅವನು 2 ಗಂಟೆ ಇದ್ದ ಎಂದು. ಒಂದು ಕ್ಷಣದ ಕೆಲಸಕ್ಕೆ 2 ಗಂಟೆಯ ಅಳತೆ ಹಿಡಿಸುವುದಿಲ್ಲ. ಮೇಲಾಗಿ ‘ಟರ್ನ್ ಅಪ್’ ಪಕ್ಕದಲ್ಲಿ ‘ಫಾರ್’ ಬಂದರೆ ಸಾಮಾನ್ಯವಾಗಿ ಯಾವುದಕ್ಕಾಗಿ ಬಂದ ಎಂಬುದನ್ನು ಹೇಳುತ್ತದೆ: ‘ಟರ್ನ್ಡ್ ಅಪ್ ಫಾರ್ ದಿ ಇಂಟರ್‌ವ್ಯೂ’, ‘ಟರ್ನ್ಡ್ ಅಪ್ ಫಾರ್ ವರ್ಕ್’. ಇರುವಿಕೆಗೆ ಬೇರೆ ಕ್ರಿಯಾಪದ ತನ್ನಿ: ‘ಹಿ ಟರ್ನ್ಡ್ ಅಪ್ ಅಂಡ್ ಸ್ಟೇಡ್ ಫಾರ್ ಟೂ ಅವರ್ಸ್.’

ನಿಷೇಧ ವಾಕ್ಯಗಳಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಅದನ್ನು ಯಾಕೋ ನಾವು ಬಳಸಿಕೊಳ್ಳುವುದಿಲ್ಲ. ‘ಹಿ ಹ್ಯಾಸಂಟ್ ಟರ್ನ್ಡ್ ಅಪ್’ ಬೇಕೋ ‘ಹಿ ಡಿಡಂಟ್ ಟರ್ನ್ ಅಪ್’ ಬೇಕೋ ಎಂದು ಒದ್ದಾಡುವವರು ಬಹಳ. ಆದರೆ ‘ಬಂದಿಲ್ಲ’ ಮತ್ತು ‘ಬರಲಿಲ್ಲ’ ಎಂಬುದರಲ್ಲಿ ನಾವು ಎಂದೂ ತಪ್ಪುವುದಿಲ್ಲ. ಇನ್ನೂ ಕಾಯುತ್ತಿದ್ದೇವೆ, ಬಾಗಿಲು ತೆರೆದೇ ಇದೆ ಎಂದರೆ ‘ಇನ್ನೂ ಬಂದಿಲ್ಲ’: ‘ಹಿ ಹ್ಯಾಸಂಟ್ ಟರ್ನ್ಡ್ ಅಪ್ ಯೆಟ್.’ ಕಾರ್ಯಕ್ರಮ ಮುಗಿದಿದೆ, ಕಾಯುವುದು ನಿಂತಿದೆ ಎಂದರೆ ‘ಬರಲಿಲ್ಲ’: ‘ಹಿ ಡಿಡಂಟ್ ಟರ್ನ್ ಅಪ್.’ ಕನ್ನಡದ ರೂಪವನ್ನು ನಂಬಿ, ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ. ‘ಡಿಡಂಟ್’ ಬಂದ ಮೇಲೆ ‘ಟರ್ನ್ಡ್’ ಬರಬಾರದು ಎಂಬುದನ್ನು ಮಾತ್ರ ನೋಡಿಕೊಳ್ಳಿ. ‘ಡಿಡಂಟ್ ಟರ್ನ್ಡ್ ಅಪ್’ ತುಂಬಾ ಸಾಮಾನ್ಯವಾದ ದೋಷ.

‘ಟರ್ನ್ ಅಪ್’ ನಿಷೇಧದಲ್ಲೇ ಬಹಳ ಚೆನ್ನಾಗಿ ಕಾಣುತ್ತದೆ ಎಂದು ನನಗೆ ಅನಿಸುತ್ತದೆ. ಬರದೇ ಹೋದವರ ಬಗ್ಗೆ ಹೇಳಲು ‘ಡಿಡಂಟ್ ಅರೈವ್’ ಎಂದರೆ ಪೋಸ್ಟಿನಲ್ಲಿ ಬರಬೇಕಾದ ಪಾರ್ಸಲ್ ನೆನಪಾಗುತ್ತದೆ. ‘ಡಿಡಂಟ್ ಟರ್ನ್ ಅಪ್’ ಎಂದಾಗ ಕಾದವರ ಬೇಸರವೂ ಕೇಳಿಸುತ್ತದೆ.

ನಾಲ್ಕನೇ ಪರೀಕ್ಷೆ: ಜಾಗದ ಮುಂದಿನ ಪುಟ್ಟ ಪದ

ಮನೆ, ಆಫೀಸ್, ಸ್ಟೇಷನ್ ಥರದ ಜಾಗಗಳಿಗೆ ‘ಅಟ್’. ಊರು, ದೇಶಗಳಿಗೆ ‘ಇನ್’. ಮೀಟಿಂಗ್, ಪಾರ್ಟಿ, ಮದುವೆಯಂಥ ಸಂದರ್ಭಗಳಿಗೆ ‘ಅಟ್’ ಅಥವಾ ‘ಟು’, ಎರಡೂ ನಡೆಯುತ್ತವೆ. ಯಾವ ಕೆಲಸಕ್ಕೆ ಬಂದದ್ದು ಎಂದು ಹೇಳಲು ‘ಫಾರ್’. ಏನು ತಂದ, ಯಾರನ್ನು ಕರೆತಂದ ಎಂಬುದಕ್ಕೆ ‘ವಿತ್’. ‘ಹಿಯರ್’, ‘ದೇರ್’ ಮುಂದೆ ಏನೂ ಬೇಡ. ‘ಟರ್ನ್ಡ್ ಅಪ್ ಟು ಹಿಯರ್’ ಎಂದು ಬರೆದಿದ್ದರೆ ‘ಟು’ ಅಳಿಸಿ.

ಈ ಪುಟ್ಟ ಪದದ ಗೊಂದಲ ‘ಟರ್ನ್ ಅಪ್’ ಒಂದರದ್ದೇ ಅಲ್ಲ, ತಲುಪುವ ಅರ್ಥದ ಎಲ್ಲ ಪದಗಳಿಗೂ ಇದೆ. ಒಂದು ಪದದ ರೋಗ ಇನ್ನೊಂದಕ್ಕೆ ಹರಡುತ್ತದೆ. ‘ಅರೈವ್’ ಜೊತೆ ‘ಅಟ್’ ಅಥವಾ ‘ಇನ್’ ಬೇಕು, ‘ಅರೈವ್ ಟು’ ಇಲ್ಲ. ‘ಗೆಟ್’ ಜೊತೆ ‘ಟು’ ಬೇಕು, ಆದರೆ ‘ಗೆಟ್ ಹೋಮ್’, ‘ಗೆಟ್ ದೇರ್’ ಎನ್ನುವಾಗ ಬೇಡ. ‘ರೀಚ್’ ಜೊತೆ ಏನೂ ಬೇಡ: ‘ರೀಚ್ಡ್ ದಿ ಸ್ಟೇಷನ್’ ಸರಿ, ‘ರೀಚ್ಡ್ ಟು ದಿ ಸ್ಟೇಷನ್’ ತಪ್ಪು.

‘ರೀಚ್’ಗೆ ಇನ್ನೊಂದು ಹಟ ಇದೆ. ಅದಕ್ಕೆ ಜಾಗದ ಹೆಸರು ಬೇಕೇ ಬೇಕು. ‘ತಲುಪಿದ್ರಾ?’ ಎಂದು ಕೇಳುವಾಗ ಕನ್ನಡದಲ್ಲಿ ಜಾಗ ಹೇಳಬೇಕಿಲ್ಲ, ಇಬ್ಬರಿಗೂ ಗೊತ್ತಿರುತ್ತದೆ. ಅದೇ ಅಭ್ಯಾಸದಲ್ಲಿ ‘ಹ್ಯಾವ್ ಯು ರೀಚ್ಡ್?’ ಎಂದು ಕೇಳುತ್ತೇವೆ. ನಮ್ಮ ನಡುವೆ ಅದು ಎಲ್ಲರಿಗೂ ಅರ್ಥವಾಗುತ್ತದೆ, ಅದರಲ್ಲಿ ಕಾಳಜಿಯೂ ಇದೆ. ಬ್ರಿಟಿಷ್ ಅಥವಾ ಅಮೆರಿಕನ್ ಇಂಗ್ಲಿಷಿನವರು ಮಾತ್ರ ‘ಎಲ್ಲಿಗೆ?’ ಎಂದು ಮುಂದಿನ ಪದಕ್ಕೆ ಕಾಯುತ್ತಾರೆ. ಅವರ ಜೊತೆ ‘ಹ್ಯಾವ್ ಯು ಗಾಟ್ ದೇರ್?’ ಅಥವಾ ‘ಡಿಡ್ ಯು ಗೆಟ್ ದೇರ್ ಸೇಫ್ಲಿ?’ ಎಂದು ಕೇಳಿ. ಇಲ್ಲಿ ‘ಟರ್ನ್ ಅಪ್’ ಹಾಕಬೇಡಿ. ‘ಡಿಡ್ ಯು ಟರ್ನ್ ಅಪ್?’ ಎಂದರೆ ‘ನೀವು ಹೋದ್ರಾ, ಇಲ್ಲ ತಪ್ಪಿಸಿದ್ರಾ?’ ಎಂದು ಪ್ರಶ್ನೆ ಮಾಡಿದ ಹಾಗೆ.

ಕ್ರಿಯಾವಿಶೇಷಣಗಳ ಜಾಗವನ್ನೂ ಇಲ್ಲೇ ನೋಡಿಕೊಳ್ಳಿ. ‘ಟರ್ನ್ಡ್’ ಮತ್ತು ‘ಅಪ್’ ಎರಡರ ನಡುವೆ ‘ಸಡನ್ಲಿ’ ನುಗ್ಗಿಸಬಾರದು. ‘ಸಡನ್ಲಿ ಟರ್ನ್ಡ್ ಅಪ್’ ಎಂದು ಮುಂದೆ ಇಡಿ. ಹೇಗೆ ಬಂದ ಎಂಬುದು ‘ಅಪ್’ ಆದಮೇಲೆ: ‘ಟರ್ನ್ಡ್ ಅಪ್ ಲೇಟ್’, ‘ಟರ್ನ್ಡ್ ಅಪ್ ಅನನೌನ್ಸ್ಡ್’ ಅಂದರೆ ಹೇಳದೆ ಕೇಳದೆ, ‘ಟರ್ನ್ಡ್ ಅಪ್ ಅನ್‌ಇನ್ವೈಟೆಡ್’ ಅಂದರೆ ಕರೆಯದೆ, ‘ಟರ್ನ್ಡ್ ಅಪ್ ಎಂಪ್ಟಿ ಹ್ಯಾಂಡೆಡ್’ ಅಂದರೆ ಬರಿಗೈಯಲ್ಲಿ. ಈ ಜೋಡಿಗಳನ್ನು ಹಾಗೇ ಬಾಯಿಪಾಠ ಮಾಡಿದರೂ ನಷ್ಟವಿಲ್ಲ. ಪದವನ್ನು ಒಂಟಿಯಾಗಿ ಕಲಿಯುವುದಕ್ಕಿಂತ ಜೊತೆಗಾರರ ಸಮೇತ ಕಲಿತರೆ ಬೇಗ ಹಿಡಿಯುತ್ತದೆ.

ಕಳೆದದ್ದು ಸಿಕ್ಕಿದಾಗ

ಬರುವವರು ಮನುಷ್ಯರೇ ಆಗಬೇಕೆಂದಿಲ್ಲ. ಕಳೆದುಹೋದ ಕೀ, ಕಾಣದ ಫೈಲು, ಹುಡುಕಿ ಸಾಕಾದ ಕನ್ನಡಕ, ಇವೂ ‘ಟರ್ನ್ ಅಪ್’ ಆಗುತ್ತವೆ. ಈ ಬಳಕೆ ಕನ್ನಡಕ್ಕೆ ಬಹಳ ಹತ್ತಿರ. ನಾವು ‘ಕೀ ಸಿಕ್ತು’ ಎನ್ನುತ್ತೇವೆ. ಯಾರು ಹುಡುಕಿದರು ಎಂಬುದು ವಾಕ್ಯದಲ್ಲಿಲ್ಲ, ಕೀಯೇ ಕರ್ತೃ. ‘ದಿ ಕೀಸ್ ಟರ್ನ್ಡ್ ಅಪ್’ ಕೂಡ ಹಾಗೇ. ಆದರೂ ನಾವು ಇದನ್ನು ಬಿಟ್ಟು ‘ಐ ಗಾಟ್ ದಿ ಕೀಸ್’ ಎನ್ನುತ್ತೇವೆ. ಆಗ ಯಾರೋ ಕೀ ಕೊಟ್ಟರು, ತೆಗೆದುಕೊಂಡೆ ಎಂಬ ಅರ್ಥವೂ ಬರಬಹುದು.

ದೋಷ ಬರುವುದು ಇಲ್ಲಿ: ‘ಐ ಟರ್ನ್ಡ್ ಅಪ್ ಮೈ ಕೀಸ್.’ ಬೇಕೆಂದೇ ಹುಡುಕಿ ಕೀ ತೆಗೆದರೆ ‘ಐ ಫೌಂಡ್ ಮೈ ಕೀಸ್’ ಎನ್ನಬೇಕು. ತಾನಾಗಿ ಎಲ್ಲೋ ಕಣ್ಣಿಗೆ ಬಿದ್ದರೆ ‘ಮೈ ಕೀಸ್ ಟರ್ನ್ಡ್ ಅಪ್’. ಕರ್ಮಪದದ ಜೊತೆ ‘ಟರ್ನ್ ಅಪ್’ ಪತ್ತೆಹಚ್ಚುವ ಅರ್ಥದಲ್ಲಿ ಬರುವುದೂ ಉಂಟು. ಆಗ ಕರ್ತೃವಿನ ಜಾಗದಲ್ಲಿ ಸಾಮಾನ್ಯವಾಗಿ ತನಿಖೆ, ಹುಡುಕಾಟ, ಪರೀಕ್ಷೆಯಂಥ ಪದ ಇರುತ್ತದೆ: ‘ದಿ ಇನ್ವೆಸ್ಟಿಗೇಷನ್ ಟರ್ನ್ಡ್ ಅಪ್ ನ್ಯೂ ಎವಿಡೆನ್ಸ್’, ‘ದಿ ಸರ್ಚ್ ಟರ್ನ್ಡ್ ಅಪ್ ನಥಿಂಗ್’. ಮನೆಯಲ್ಲಿ ಕಳೆದ ಕೀಗೆ ಅಷ್ಟು ದೊಡ್ಡ ಮಾತು ಬೇಡ.

ಏನೋ ಕಳೆದುಕೊಂಡು ಕಂಗಾಲಾದವರಿಗೆ ‘ಡೋಂಟ್ ವರಿ, ಇಟ್ ವಿಲ್ ಟರ್ನ್ ಅಪ್’ ಎನ್ನುವುದುಂಟು. ‘ಎಲ್ಲೂ ಹೋಗಿರಲ್ಲ, ಸಿಗುತ್ತೆ ಬಿಡು’ ಎಂಬ ನಮ್ಮ ಸಮಾಧಾನದ ಮಾತಿಗೆ ಇದಕ್ಕಿಂತ ಹತ್ತಿರದ ಇಂಗ್ಲಿಷ್ ಇಲ್ಲ. ಕೆಲಸ ಹುಡುಕುತ್ತಿರುವವರಿಗೆ ‘ಸಂಥಿಂಗ್ ವಿಲ್ ಟರ್ನ್ ಅಪ್’ ಎಂದರೆ ಏನೋ ಒಂದು ದಾರಿ ಕಾಣುತ್ತದೆ ಎಂದು. ಇದನ್ನು ‘ಸಂಥಿಂಗ್ ಹ್ಯಾಸ್ ಕಮ್ ಅಪ್’ ಜೊತೆ ಬೆರೆಸಬೇಡಿ. ಎರಡನೆಯದು ‘ಏನೋ ಅರ್ಜೆಂಟ್ ಬಂತು, ಬರೋಕಾಗಲ್ಲ’ ಎಂದು ಹೇಳುವ ಮಾತು. ಒಂದು ಆಸೆ ಕೊಡುತ್ತದೆ, ಇನ್ನೊಂದು ಭೇಟಿಯನ್ನು ಮುಂದೂಡುತ್ತದೆ.

ಅಕ್ಕಪಕ್ಕದ ಪದಗಳು ಬೆರೆತಾಗ

‘ದಿ ಟರ್ನ್ ಅಪ್ ವಾಸ್ ಗುಡ್’ ಎಂದು ಜನ ಚೆನ್ನಾಗಿ ಸೇರಿದ್ದನ್ನು ಹೇಳಲು ಬರೆಯುತ್ತಾರೆ. ಆ ಅರ್ಥದ ನಾಮಪದ ‘ಟರ್ನೌಟ್’. ‘ಟರ್ನ್ ಅಪ್’ ನಾಮಪದವಾದರೆ ಪ್ಯಾಂಟಿನ ಮಡಿಕೆ. ಇಲ್ಲವೇ ಬ್ರಿಟಿಷರ ‘ಎ ಟರ್ನ್ ಅಪ್ ಫಾರ್ ದಿ ಬುಕ್ಸ್’ ಎಂಬ ನುಡಿ, ಅಂದರೆ ಯಾರೂ ನಿರೀಕ್ಷಿಸದ ಸಂಗತಿ. ಕ್ರಿಯಾಪದವಾಗಿ ‘ಟರ್ನ್ ಔಟ್’ ಕೂಡ ಬರುವ ಅರ್ಥ ಕೊಡುತ್ತದೆ, ಆದರೆ ಗುಂಪಾಗಿ ಮನೆಯಿಂದ ಹೊರಟು ಬಂದದ್ದಕ್ಕೆ: ‘ಥೌಸಂಡ್ಸ್ ಟರ್ನ್ಡ್ ಔಟ್ ಟು ವೋಟ್.’ ಅದರ ಇನ್ನೊಂದು ಅರ್ಥ ‘ಕೊನೆಗೆ ಹೀಗಾಯಿತು’ ಎಂದು: ‘ಇಟ್ ಟರ್ನ್ಡ್ ಔಟ್ ವೆಲ್.’ ಅವಸರದಲ್ಲಿ ‘ಇಟ್ ಟರ್ನ್ಡ್ ಅಪ್ ವೆಲ್’ ಎಂದು ಬರೆದಿದ್ದೀರಾ ನೋಡಿಕೊಳ್ಳಿ.

‘ಶೋ ಅಪ್’ ಹೆಚ್ಚು ಕಡಿಮೆ ಅವಳಿ. ಅಮೆರಿಕದಲ್ಲಿ ‘ಶೋ ಅಪ್’ ಜಾಸ್ತಿ, ಬ್ರಿಟನ್ನಿನಲ್ಲಿ ‘ಟರ್ನ್ ಅಪ್’ ಜಾಸ್ತಿ. ಬುಕ್ ಮಾಡಿ ಬಾರದವರನ್ನು ‘ನೋ ಶೋ’ ಎನ್ನುವುದು ಈ ‘ಶೋ’ದಿಂದಲೇ. ಆದರೆ ‘ಶೋ ಅಪ್’ ಮುಂದೆ ವ್ಯಕ್ತಿಯನ್ನು ಕರ್ಮಪದವಾಗಿ ಹಾಕಿದರೆ ನಾಲ್ಕು ಜನರ ಮುಂದೆ ಮುಖಭಂಗ ಮಾಡಿದ ಅರ್ಥ ಬರುತ್ತದೆ. ‘ಹಿ ಶೋಡ್ ಮಿ ಅಪ್’ ಎಂದರೆ ಅವನು ನನ್ನ ಹತ್ತಿರ ಬಂದ ಎಂದಲ್ಲ, ನನ್ನ ಮರ್ಯಾದೆ ತೆಗೆದ ಎಂದು. ‘ಶೋ ಆಫ್’ ಬೇರೆಯೇ ಪದ, ಅದು ಜಂಭ ಕೊಚ್ಚಿಕೊಳ್ಳುವುದು.

ವಾಹನಗಳಿಗೆ ತಮ್ಮದೇ ಪದಗಳಿವೆ. ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂಬ ವೇಳಾಪಟ್ಟಿಯ ಮಾತಿಗೆ ‘ಗೆಟ್ಸ್ ಇನ್’: ‘ದಿ ಟ್ರೇನ್ ಗೆಟ್ಸ್ ಇನ್ ಅಟ್ 6.’ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುವ ದೃಶ್ಯಕ್ಕೆ ‘ಪುಲ್ಡ್ ಇನ್’. ಕಾರು ಮನೆ ಮುಂದೆ ನಿಲ್ಲಲು ‘ಪುಲ್ಡ್ ಅಪ್’. ವಿಮಾನ ನೆಲ ಮುಟ್ಟಲು ‘ಟಚ್ಡ್ ಡೌನ್’. ‘ದಿ ಟ್ರೇನ್ ಟರ್ನ್ಸ್ ಅಪ್ ಅಟ್ 6’ ಎಂದು ಪ್ರಯಾಣದ ಮಾಹಿತಿಯಲ್ಲಿ ಬರೆಯಬೇಡಿ. ಅದೇ ರೈಲು 3 ಗಂಟೆ ತಡವಾಗಿ ಬಂದಾಗ ‘ದಿ ಟ್ರೇನ್ ಫೈನಲಿ ಟರ್ನ್ಡ್ ಅಪ್’ ಎಂದರೆ ಪದ ಸರಿಯಾದ ಜಾಗಕ್ಕೆ ಬಂದಿದೆ.

ಕಿವಿಗೆ ಬೀಳದಿದ್ದರೆ

ಬರೆಯುವಾಗ ಸರಿ, ಕೇಳುವಾಗ ಮಾತ್ರ ಪದ ಹಾರಿಹೋಗುತ್ತದೆ ಎನ್ನುವವರು ಇದ್ದಾರೆ. ಕಾರಣ ಸರಳ. ಇಂಗ್ಲಿಷ್ ಮಾತಾಡುವವರು ಎರಡು ಪದಗಳನ್ನು ಬಿಡಿಸಿ ಹೇಳುವುದಿಲ್ಲ. ‘ಟರ್ನ್ಡ್ ಅಪ್’ ಒಂದೇ ಉಸಿರಿನಲ್ಲಿ ‘ಟರ್ನ್ಡಪ್’ ಆಗುತ್ತದೆ. ‘ಟರ್ನಿಂಗ್ ಅಪ್’ ಕೂಡ ಹಾಗೇ ಅಂಟಿಕೊಳ್ಳುತ್ತದೆ. ಒತ್ತು ಬೀಳುವುದು ‘ಅಪ್’ ಮೇಲೆ. ನಾವು ‘ಟರ್ನ್’ ಮೇಲೆ ಒತ್ತು ಹಾಕಿ, ಕೊನೆಗೊಂದು ಸ್ವರ ಸೇರಿಸಿ ‘ಟರ್ನು ಅಪ್ಪು’ ಎಂದರೆ ಕೇಳುವವರಿಗೂ ಹಿಡಿಯುವುದು ಕಷ್ಟ. ಕನ್ನಡದಲ್ಲಿ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಈ ‘ಉ’ ತಾನಾಗಿ ಬರುತ್ತದೆ. ‘ಟರ್ನ್ಡಪ್’ ಎಂದು ಕೂಡಿಸಿ ಹೇಳುವ ಅಭ್ಯಾಸ ಮಾಡಿ. ಹೇಳಲು ಬಂದರೆ ಕೇಳಲೂ ಬರುತ್ತದೆ.

ಒಂದು ವಾಕ್ಯವನ್ನು ಪೂರ್ತಿ ಬಿಚ್ಚಿ ನೋಡೋಣ

‘ದಿ ಪ್ಲಂಬರ್ ಡಿಡಂಟ್ ಟರ್ನ್ಡ್ ಅಪ್ ಮೈ ಹೌಸ್ ಯೆಟ್, ಐ ಆಮ್ ವೇಟಿಂಗ್.’ ಪ್ಲಂಬರ್ ಇನ್ನೂ ಮನೆಗೆ ಬಂದಿಲ್ಲ, ಕಾಯ್ತಾ ಇದ್ದೀನಿ ಎಂದು ಹೇಳಬೇಕಿದೆ.

ಕರ್ಮಪದದ ಪರೀಕ್ಷೆಯಲ್ಲಿ ‘ಮೈ ಹೌಸ್’ ಸಿಕ್ಕಿಬೀಳುತ್ತದೆ. ‘ಅಟ್’ ಸೇರಿಸಬೇಕು. ಎರಡನೇ ಪರೀಕ್ಷೆಯಲ್ಲಿ ಇದು ಪಾಸು: ಬರ್ತಾನೋ ಇಲ್ವೋ ಎಂಬ ಅನುಮಾನ ಚೆನ್ನಾಗಿಯೇ ಇದೆ. ಹಾಗಾಗಿ ‘ಟರ್ನ್ ಅಪ್’ ಉಳಿಸಿಕೊಳ್ಳಿ. ಕಾಲದ ಪರೀಕ್ಷೆಯಲ್ಲಿ ಎರಡು ತಪ್ಪು. ಕನ್ನಡದಲ್ಲಿ ‘ಬಂದಿಲ್ಲ’ ಎಂದಿದೆ, ‘ಬರಲಿಲ್ಲ’ ಎಂದಿಲ್ಲ. ಅಂದಮೇಲೆ ‘ಡಿಡಂಟ್’ ತೆಗೆದು ‘ಹ್ಯಾಸಂಟ್’ ಹಾಕಿ. ಹಾಕಿದ ಮೇಲೆ ‘ಟರ್ನ್ಡ್’ ಎಂಬ ರೂಪವೂ ಸರಿಹೋಗುತ್ತದೆ. ಕಾಯುತ್ತಲೇ ಇದ್ದೇವೆ ಎಂದು ತೋರಿಸಲು ಕೊನೆಗೆ ‘ಸ್ಟಿಲ್’ ಸೇರಿಸಿದರೆ ಇನ್ನೂ ಚೆನ್ನ. ಈಗ ವಾಕ್ಯ ಹೀಗಾಯಿತು: ‘ದಿ ಪ್ಲಂಬರ್ ಹ್ಯಾಸಂಟ್ ಟರ್ನ್ಡ್ ಅಪ್ ಅಟ್ ಮೈ ಹೌಸ್ ಯೆಟ್, ಅಂಡ್ ಐ ಆಮ್ ಸ್ಟಿಲ್ ವೇಟಿಂಗ್.’ ಯಾರ ಮನೆ ಎಂಬುದು ಇಬ್ಬರಿಗೂ ಗೊತ್ತಿದ್ದರೆ ‘ಅಟ್ ಮೈ ಹೌಸ್’ ಪೂರ್ತಿ ಬಿಡಬಹುದು. ‘ರೀಚ್’ಗೆ ಇರುವ ಜಾಗದ ಹಟ ‘ಟರ್ನ್ ಅಪ್’ಗೆ ಇಲ್ಲ.

ಎಲ್ಲ ಪರೀಕ್ಷೆ ಮುಗಿಸಿದ ಮೇಲೂ ವಾಕ್ಯ ಬಾಯಲ್ಲಿ ಸಲೀಸಾಗಿ ಹೊರಡದಿದ್ದರೆ, ‘ಟರ್ನ್ಡ್ ಅಪ್’ ತೆಗೆದು ‘ಕೇಮ್’ ಹಾಕಿ ಒಮ್ಮೆ ಓದಿ. ಅರ್ಥದಲ್ಲಿ ಏನೂ ಕಳೆದುಹೋಗಲಿಲ್ಲ ಎಂದರೆ ‘ಕೇಮ್’ ಇರಲಿ. ಅಚ್ಚರಿಯೋ ಬೇಸರವೋ ಕಾಯುವಿಕೆಯೋ ಕಾಣೆಯಾಯಿತು ಅನಿಸಿದರೆ ‘ಟರ್ನ್ಡ್ ಅಪ್’ ಅನ್ನೇ ಮತ್ತೆ ತಂದು ಹಾಕಿ, ಅದರ ಸುತ್ತಲಿನ ಪದಗಳನ್ನು ಸರಿಮಾಡಿ.